ಬಕೆಟ್ ಫ್ಯಾಕ್ಟರಿ ಭಾನುಮತಿಯ ಭಾನುವಾರಗಳು

ತಿಂಗಳ ಕೊನೆಯ ಭಾನುವಾರ ಬಂತೆಂದರೆ ಭಾನುಮತಿ ಗಂಡನಿಗೆ ಸುಳ್ಳು ಹೇಳುತ್ತಿದ್ದಳು. ಅವಸರದಲ್ಲಿ ಬಾಯಿಗೆ ಬಂದ ಸುಳ್ಳಲ್ಲ. ಹಿಂದಿನ ದಿನವೇ ಇಸ್ತ್ರಿ ಮಾಡಿಟ್ಟುಕೊಂಡ, ಊಟದ ಡಬ್ಬಿ ಕಟ್ಟಿಕೊಂಡು ಕತ್ತಿಗೆ ಫ್ಯಾಕ್ಟರಿಯ ಗುರುತಿನ ಕಾರ್ಡು ತೂಗುಹಾಕಿಕೊಂಡು ಹೊರಡುವಂಥ ಸುಳ್ಳು.

"ಸ್ಟಾಕ್ ಟೇಕಿಂಗ್ ರೀ. ಬರೋದು ಸಂಜೆಯಾಗುತ್ತೆ. ಹುಳಿ ಬಿಸಿ ಮಾಡ್ಕೊಳ್ಳಿ."

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಲಾಸ್ಟಿಕ್ ಬಕೆಟ್ ತಯಾರಿಸುವ ಕಾರ್ಖಾನೆಯೊಂದರ ಉಗ್ರಾಣ ಅವಳ ಸುಪರ್ದಿಯಲ್ಲಿತ್ತು. ಸ್ಟಾಕ್ ಟೇಕಿಂಗ್ ಅನ್ನುವ ಸರಕಿನ ಎಣಿಕೆ ಅಲ್ಲಿ ನಿಜಕ್ಕೂ ಇತ್ತು. ಆದರೆ ವರ್ಷಕ್ಕೆ ಎರಡೇ ಸಲ, ಅದೂ ಕೆಲಸದ ದಿನಗಳಲ್ಲಿ. ಉಳಿದ ಸ್ಟಾಕ್ ಟೇಕಿಂಗುಗಳೆಲ್ಲ ಭಾನುಮತಿಯ ಸ್ವಂತ ಉತ್ಪಾದನೆ.

ಗಂಡ ನರಸಿಂಹ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೈಸೂರಿನಿಂದ ಬಂದು ಇಪ್ಪತ್ತು ವರ್ಷ ಮೀರಿದ್ದರೂ ಊಟದ ವಿಷಯದಲ್ಲಿ ಮೈಸೂರು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವನಲ್ಲ. ಒಳ್ಳೆಯ ಮನುಷ್ಯ, ಹೆಸರಿಗೆ ಮಾತ್ರ ಸಿಂಹ. ಬಸ್ಸಿನ ವೇಗಕ್ಕೆ ಹೆದರುತ್ತಿದ್ದ, ಕೋತಿಗೆ ಹೆದರುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ನೀರಿಗೆ ಹೆದರುತ್ತಿದ್ದ. ಸ್ನಾನಕ್ಕೆ ಅರ್ಧ ಬಕೆಟ್ ನೀರು, ಬಚ್ಚಲ ಬಾಗಿಲಿಗೆ ಚಿಲಕವಿಲ್ಲ. ಒಮ್ಮೆ ಮೊಂಬಾಸಾಕ್ಕೆ ಕರೆದುಕೊಂಡು ಹೋದಾಗ ಹೋಟೆಲಿನ ಕಿಟಕಿಯ ಪರದೆ ಸ್ವಲ್ಪವೇ ಸರಿಸಿ ಸಮುದ್ರ ನೋಡಿ, "ಇದೆ, ಇದೆ" ಅಂದು ಮತ್ತೆ ಪರದೆ ಎಳೆದಿದ್ದ.

ಇಂಥವನಿಗೆ, "ರೀ, ನಾನು ಈಜು ಕಲೀತಾ ಇದೀನಿ" ಅಂತ ಹೇಳುವುದು ಹೇಗೆ?

ಎಲ್ಲ ಶುರುವಾಗಿದ್ದು ಮಂಡಿನೋವಿನಿಂದ. ನೀರಿನಲ್ಲಿ ನಿಂತು ನಡೆದರೆ ಮಂಡಿಗೆ ಒಳ್ಳೆಯದು ಅಂದರು ಡಾಕ್ಟರು. ಮನೆ ಇದ್ದದ್ದು ಕಸರಾನಿಯಲ್ಲಿ. ಕ್ರೀಡಾಂಗಣದ ಈಜುಕೊಳ ಹತ್ತಿರದಲ್ಲೇ. ಭಾನುಮತಿ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅಲ್ಲಿಗೆ ಹೋಗಿ ಸೊಂಟದ ಮಟ್ಟದ ನೀರಿನಲ್ಲಿ ಎಮ್ಮೆಯ ಹಾಗೆ ಅತ್ತಿಂದಿತ್ತ ನಡೆಯತೊಡಗಿದಳು. ಅಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ಸೆಲಿನ್ ಎಂಬ ಹೆಂಗಸು ಒಂದು ವಾರ ನೋಡಿದಳು, ಎರಡು ವಾರ ನೋಡಿದಳು. ಆಮೇಲೆ ತಡೆಯಲಾರದೆ ಹತ್ತಿರ ಬಂದು, ಅಲ್ಲಿಯವರು ದೊಡ್ಡ ಹೆಂಗಸರನ್ನು ಕರೆಯುವ ರೀತಿಯಲ್ಲಿ, "ಮಾಮಾ, ನಡೆಯೋದಕ್ಕೆ ಥಿಕಾ ರೋಡ್ ಇದೆ. ಇಲ್ಲಿ ಈಜಬೇಕು" ಅಂದಳು.

ಐವತ್ತು ಹತ್ತಿರ ಬಂದಿದ್ದ ಭಾನುಮತಿ ಈಜು ಕಲಿತಳು. ಮೊದಲು ತೇಲುವುದು, ಆಮೇಲೆ ಕಾಲು ಬಡಿಯುವುದು, ಆಮೇಲೆ ಮುಳುಗಿ ಏಳುವುದು. ಮಂಡಿನೋವು ಎಲ್ಲಿ ಹೋಯಿತೋ ಅವಳಿಗೆ ನೆನಪೂ ಆಗಲಿಲ್ಲ. ಮನೆಯಲ್ಲಿ ಹೇಳಬೇಕು ಅಂದುಕೊಂಡಳು. ಇವತ್ತು ಬೇಡ, ಅವರಿಗೆ ಬಿಪಿ ಜಾಸ್ತಿ ಇದೆ ಅಂದುಕೊಂಡಳು. ಹೀಗೇ ಅಂದುಕೊಳ್ಳುತ್ತ ಆರು ತಿಂಗಳಾದ ಮೇಲೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಹೇಳದೇ ಇರುವುದರಲ್ಲಿ ಈಜಿಗಿಂತ ಹೆಚ್ಚು ಮಜಾ ಇತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ನಿಂತಾಗ ತನ್ನಷ್ಟಕ್ಕೆ ನಗು ಬರುತ್ತಿತ್ತು. ಗಂಡ "ಏನೇ?" ಅಂದರೆ "ಏನಿಲ್ಲ, ಸಾಸಿವೆ ಸಿಡೀತು" ಅನ್ನುತ್ತಿದ್ದಳು.

ಸೆಲಿನ್‌ಳ ತವರು ಅಬರ್ಡೇರ್ ಬೆಟ್ಟಗಳ ಮಗ್ಗುಲಲ್ಲಿ. ಅಲ್ಲೇ ಹತ್ತಿರ ಒಂದು ಕಾಡು, ಹೆಚ್ಚು ಜನ ತಲೆ ಹಾಕದ ನ್ಯಾಷನಲ್ ಪಾರ್ಕು. ಸಿಂಹ, ಜಿರಾಫೆ ನೋಡಲು ಬಂದವರಿಗೆ ಅಲ್ಲಿ ಏನೂ ಇಲ್ಲ. ಬಿದಿರು, ಮುದಿಮರಗಳು, ಅವುಗಳಿಂದ ಗಡ್ಡದಂತೆ ಇಳಿಬಿದ್ದ ಪಾಚಿ, ಉದ್ದ ಬಿಳಿ ಬಾಲದ ಕೊಲೊಬಸ್ ಕೋತಿಗಳು ಮತ್ತು ಒಂದು ನದಿ. ಆ ನದಿ ಬಂಡೆಗಳ ನಡುವೆ ಇಳಿದು ಬರುತ್ತ ಅಲ್ಲಲ್ಲಿ ನಿಂತು ಮಡುಗಳಾಗಿತ್ತು. ಕೆಳಗಿನ ಮಡುಗಳಲ್ಲಿ ಹಗಲು ಹೊತ್ತು ಈಜಬಹುದಿತ್ತು.

ಸೆಲಿನ್ ತನ್ನ ಹಳೆಯ ಕಾರಿನಲ್ಲಿ ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಭಾನುಮತಿ ದಡದಲ್ಲಿ ನಿಂತು ನೀರಿಗೆ ಬಗ್ಗಿ ನೋಡಿದಳು. ನೀರು ಹಾಲು ಹಾಕದ ಚಹಾದ ಬಣ್ಣ, ಆದರೆ ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು. ಕಾಲಿಟ್ಟರೆ ಚಳಿ ನೇರ ನೆತ್ತಿಗೇರಿತು. "ಅಯ್ಯಯ್ಯಪ್ಪಾ" ಅಂತ ಅವಳು ಕೂಗಿದ್ದಕ್ಕೆ ಮೇಲಿನ ಕೊಂಬೆಯ ಕೋತಿಗಳು ಬಗ್ಗಿ ನೋಡಿದವು. ಕೊಳದಲ್ಲಿ ಕಲಿತಿದ್ದು ಎಷ್ಟು ಸಪ್ಪೆ ಅಂತ ಆವತ್ತು ಗೊತ್ತಾಯಿತು. ಇಲ್ಲಿ ನೀರಿಗೂ ಒಂದು ಮನಸ್ಸಿತ್ತು. ಒಂದು ಕಡೆ ತಳ್ಳುತ್ತಿತ್ತು, ಇನ್ನೊಂದು ಕಡೆ ಎತ್ತಿಕೊಳ್ಳುತ್ತಿತ್ತು. ಅಂಗಾತ ತೇಲಿದರೆ ಎಲೆಗಳ ಸಂದಿಯಲ್ಲಿ ಚೂರು ಚೂರು ಆಕಾಶ. ನೈರೋಬಿಯ ಲಾರಿಗಳು, ಜಾಮು, ಬಕೆಟ್ಟಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅನ್ನುವ ಗಿರಾಕಿ, ಯಾವುದೂ ಅಲ್ಲಿ ಕೇಳಿಸುತ್ತಿರಲಿಲ್ಲ.

ಗೇಟಿನ ಕಾವಲುಗಾರ ಗಿಚುಕಿ ಸೆಲಿನ್‌ಗೆ ದೂರದ ಸಂಬಂಧ, ಮಾತಿನ ಮಲ್ಲ. ಎತ್ತರದ ಬಂಡೆಯಿಂದ ಭಾನುಮತಿ ಮೊದಲ ಸಲ ಧುಮುಕಿದ ದಿನ ಅವನು ಅವಳಿಗೆ ಹೆಸರಿಟ್ಟ: ಮಾಮಾ ಸಮಾಕಿ. ಮೀನಮ್ಮ. ಗೇಟಿನ ಪಕ್ಕದಲ್ಲಿ ಚಹಾ ಮಾರುವ ಹೆಂಗಸು ಅವಳಿಗಾಗಿ ಬಿಸಿಬಿಸಿ ಮಂದಾಜಿ ಕರಿದಿಡುತ್ತಿದ್ದಳು. ಏಲಕ್ಕಿ ಘಮದ ಆ ಮೃದು ಬೋಂಡಾಗಳನ್ನು ಒದ್ದೆ ಕೂದಲಲ್ಲಿ ಕುಳಿತು ತಿನ್ನುವುದು ಸುಖದ ಮೇಲೆ ಸುಖ.

ಮನೆಗೆ ಬಂದ ಮೇಲೆ ಮಾತ್ರ ಸ್ವಲ್ಪ ಕಷ್ಟ.

"ಕೂದಲು ಯಾಕೆ ಒದ್ದೆ?" ಅಂದ ನರಸಿಂಹ ಒಂದು ಸಲ.

"ಹೊಸ ಬಕೆಟ್ ಬಂದಿದೆ ರೀ. ಸೋರುತ್ತಾ ಅಂತ ಟೆಸ್ಟ್ ಮಾಡಬೇಕಲ್ಲ."

"ತಲೆ ಮೇಲೆ ಸುರ್ಕೊಂಡು ಟೆಸ್ಟ್ ಮಾಡ್ತಾರಾ?"

"ಎಕ್ಸ್‌ಪೋರ್ಟ್ ಕ್ವಾಲಿಟಿ."

ಗಣಿತದ ಮೇಷ್ಟ್ರು ಇದನ್ನು ನಂಬಿದ. ನಂಬಿದ್ದಷ್ಟೇ ಅಲ್ಲ, ಹೆಂಡತಿಯನ್ನು ಕಂಪನಿಯವರು ಹೀಗೆ ಗೋಳು ಹೊಯ್ದುಕೊಳ್ಳುತ್ತಾರಲ್ಲ ಅಂತ ಕುದಿಯುತ್ತಲೇ ಇದ್ದು, ಆ ವರ್ಷದ ದೀಪಾವಳಿ ಪಾರ್ಟಿಯಲ್ಲಿ ಕಾರ್ಖಾನೆಯ ಮಾಲೀಕನನ್ನೇ ಹಿಡಿದು ನಿಲ್ಲಿಸಿದ. "ಭಾನುವಾರಾನೂ ಬಿಡಲ್ವಲ್ಲ ಸ್ವಾಮಿ ನೀವು! ಅವಳೂ ಮನುಷ್ಯಳೇ ಅಲ್ವಾ?" ಅಂತ ಇಂಗ್ಲಿಷಿನಲ್ಲಿ ತರಾಟೆಗೆ ತೆಗೆದುಕೊಂಡ. ಭಾನುಮತಿ ಕೈಯಲ್ಲಿದ್ದ ಜಾಮೂನಿನ ಬಟ್ಟಲನ್ನು ಬೇಕಂತಲೇ ಕೆಡವಿ ಗಲಾಟೆ ಎಬ್ಬಿಸಿದರೂ ಮಾತು ಮಾಲೀಕನ ಕಿವಿಗೆ ಬಿದ್ದಾಗಿತ್ತು. ಅವನು ಪಾಪ, ಈ ಹೆಂಗಸು ಹೇಳದೆ ಕೇಳದೆ ಭಾನುವಾರವೂ ಬಂದು ದುಡಿಯುತ್ತಿದ್ದಾಳೆ ಅಂದುಕೊಂಡು, ಮರುತಿಂಗಳು ಎಲ್ಲರೆದುರು ಅವಳಿಗೆ ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟ. ನರಸಿಂಹ ಅದನ್ನು ಹೆಮ್ಮೆಯಿಂದ ಹಾಲಿನಲ್ಲಿ ನೇತುಹಾಕಿದ.

ಹೀಗೆ ನಾಲ್ಕು ವರ್ಷ ನಿರಾತಂಕವಾಗಿ ನಡೆಯಿತು. ೨೦೧೬ರಲ್ಲಿ ಕನ್ನಡ ಬಳಗಕ್ಕೆ ಯೋಗೀಶ ಅಧ್ಯಕ್ಷನಾದ.

ಯೋಗೀಶ ಬೆಂಗಳೂರಿನ ಟೆಲಿಕಾಂ ಹುಡುಗ, ಕಂಪನಿ ಕೆಲಸದ ಮೇಲೆ ಬಂದವನು. ಮೈತುಂಬ ಉತ್ಸಾಹ, ಕೈತುಂಬ ಫೋನು. ಬಳಗದ ವಾಟ್ಸಾಪಿನಲ್ಲಿ ಒಂದು ದಿನ ಸಂದೇಶ ಬಂತು: ಈ ಸಲದ ಪಿಕ್ನಿಕ್ ಆಫ್‌ಬೀಟ್ ಪ್ಲೇಸ್, ನೋ ಕ್ರೌಡ್, ಫುಲ್ ನೇಚರ್. ಕೆಳಗೆ ಭಾನುಮತಿಯ ಮಡುವಿನ ಫೋಟೋ. ಅದರ ಕೆಳಗೆ ತಾರೀಖು. ತಿಂಗಳ ಕೊನೆಯ ಭಾನುವಾರ.

ನರಸಿಂಹ ಪೆಚ್ಚು ಮುಖ ಮಾಡಿದ. "ಆವತ್ತು ನಿನಗೆ ಸ್ಟಾಕ್ ಟೇಕಿಂಗ್ ಅಲ್ವಾ? ಹೋಗಲಿ, ನಾನೊಬ್ಬನೇ ಹೋಗಿ ಬರ್ತೀನಿ. ಪುಳಿಯೋಗರೆ ಮಾಡಿಸ್ತಾರಂತೆ."

ಅವನೊಬ್ಬನೇ ಹೋಗಿ, ಗಿಚುಕಿ ಬಾಯಿ ಬಿಟ್ಟು... ಭಾನುಮತಿಯ ಒಗ್ಗರಣೆ ಸೀದು ಹೋಯಿತು. "ಸ್ಟಾಕ್ ಟೇಕಿಂಗ್ ಮುಂದಕ್ಕೆ ಹೋಯ್ತು ರೀ" ಅಂದಳು. ಹಿತ್ತಲಿಗೆ ಹೋಗಿ ಸೆಲಿನ್‌ಗೆ ಫೋನ್ ಮಾಡಿದಳು: "ನಾನು ನಮ್ಮ ಜನರ ಜೊತೆ ಬರ್ತಿದ್ದೀನಿ, ನನ್ನ ಗುರುತೇ ಇಲ್ಲದ ಹಾಗೆ ಇರು ಅಂತ ಗಿಚುಕಿಗೆ ಹೇಳಿಬಿಡು ತಾಯಿ." ಸೆಲಿನ್ ಹೇಳಿದಳು. ಆದರೆ ಕಾಡಿನ ನೆಟ್‌ವರ್ಕಿನಲ್ಲಿ ಮೊದಲರ್ಧ ಮಾತ್ರ ಗಿಚುಕಿಗೆ ತಲುಪಿತು. ಮೀನಮ್ಮ ತನ್ನ ಜನರನ್ನೆಲ್ಲ ಕರೆದುಕೊಂಡು ಬರುತ್ತಿದ್ದಾಳೆ ಅಂತ ಅವನು ಬೂಟಿಗೆ ಪಾಲಿಶ್ ಹಾಕಿಕೊಂಡು ಕಾದ.

ಬಸ್ಸು ಗೇಟಿನಲ್ಲಿ ನಿಂತಿತು. ಮೊದಲು ಇಳಿದದ್ದು ಡಾಕ್ಟರ್ ಕಮಲಾಕ್ಷಿ. ಸಿರಿವಂತರ ಬಡಾವಣೆ ಮುಥೈಗಾದಲ್ಲಿ ವಾಸ, ನೈರೋಬಿಯ ಕನ್ನಡ ಮಕ್ಕಳಲ್ಲಿ ಅರ್ಧದಷ್ಟನ್ನು ಭೂಮಿಗೆ ತಂದ ಕೈ, ವಯಸ್ಸು ಎಪ್ಪತ್ತರ ಹತ್ತಿರ, ದಪ್ಪನೆಯ ಗಟ್ಟಿ ಆಳು. ಅವರ ಕಣ್ಣಿಗೆ ಬಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅವರ ಹಿಂದೆ ನರಸಿಂಹ, ಅವನ ಬೆನ್ನಿಗೆ ಅವಿತುಕೊಂಡಂತೆ ಭಾನುಮತಿ.

"ಮಾಮಾ ಸಮಾಕಿ! ಕರಿಬು, ಕರಿಬು!" ಗಿಚುಕಿ ಸ್ವಾಗತಿಸುತ್ತ ಎರಡೂ ಕೈ ಚಾಚಿಕೊಂಡು ಓಡಿ ಬಂದ.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಭಾನುಮತಿ ಕಣ್ಣು ಅಗಲಿಸಿ, ಹುಬ್ಬು ಕುಣಿಸಿ, ತುಟಿ ಕಚ್ಚಿ ಏನೆಲ್ಲ ಸನ್ನೆ ಮಾಡಬಹುದೋ ಮಾಡಿದಳು. ಗಿಚುಕಿ ಚುರುಕು. ಅವಳಿಂದ ಎರಡು ಅಡಿ ದೂರದಲ್ಲಿ ಗಕ್ಕನೆ ನಿಂತ. ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಟೋಪಿ ಸರಿಮಾಡಿಕೊಂಡ.

"ಯಾರ್ರೀ ಮಾಮಾ ಸಮಾಕಿ?" ಯೋಗೀಶನ ಅತ್ತೆ ಕೇಳಿದರು. ಬೆಂಗಳೂರಿನಿಂದ ಬಂದು ಒಂದು ವಾರವಾಗಿತ್ತಷ್ಟೆ. "ಗಂಡಸಾ? ಯಾರ ಮಾವ?"

"ಇಲ್ಲಿ ಮಾಮಾ ಅಂದ್ರೆ ಅಮ್ಮ, ಆಂಟಿ" ಅಂದ ಯೋಗೀಶ. "ಸಮಾಕಿ ಅಂದ್ರೆ ಫಿಶ್. ಫಿಶ್ ಆಂಟಿ!" ಗಿಚುಕಿಯ ಕಡೆ ತಿರುಗಿ, "ಹೂ ಈಸ್ ಶಿ, ಬಾಸ್?" ಅಂದ.

ಗಿಚುಕಿ ಗಂಟಲು ಸರಿಮಾಡಿಕೊಂಡ. ಸುಳ್ಳು ಹೇಳಬೇಕಾದ ಸಂದರ್ಭ ಅವನಿಗೆ ಹಬ್ಬದ ಊಟವಿದ್ದ ಹಾಗೆ. "ಅದು ಬೇರೊಬ್ಬರು. ಇಂಡಿಯಾದವರೇ. ಒಂದು ಕ್ಷಣ ಅವರೇ ಬಂದರೇನೋ ಅಂದುಕೊಂಡೆ. ಪ್ರತಿ ತಿಂಗಳು ಬರ್ತಾರೆ. ಆ ಎತ್ತರದ ಬಂಡೆ ಇದೆಯಲ್ಲ, ಅಲ್ಲಿಂದ ಹಾರ್ತಾರೆ. ಒಮ್ಮೆ ಮುಳುಗಿದರೆ ನಾವು ಚಹಾ ಕುಡಿದು ಮುಗಿಸೋವರೆಗೂ ಮೇಲೆ ಬರಲ್ಲ."

"ನೋಡೋಕೆ ಹೇಗಿದ್ದಾರೆ?"

ಗಿಚುಕಿ ಭಾನುಮತಿಯನ್ನು ಕಾಪಾಡಬೇಕೆಂಬ ಒಳ್ಳೆಯ ಮನಸ್ಸಿನಿಂದ ಅವಳ ಹೋಲಿಕೆಯಿಂದ ಆದಷ್ಟು ದೂರ ಹೋದ. "ದಪ್ಪ. ತುಂಬಾ ದಪ್ಪ. ವಯಸ್ಸು ಎಪ್ಪತ್ತಾದರೂ ಇರಬೇಕು. ಸಿಟ್ಟು ಜಾಸ್ತಿ."

"ಎಪ್ಪತ್ತಾ?" ಭಾನುಮತಿಯ ಬಾಯಿಂದ ಬಂದೇಬಿಟ್ಟಿತು.

ಯಾರೂ ಅದನ್ನು ಗಮನಿಸಲಿಲ್ಲ. ಯಾಕೆಂದರೆ ಎಲ್ಲರ ತಲೆಗಳೂ ನಿಧಾನವಾಗಿ ಡಾಕ್ಟರ್ ಕಮಲಾಕ್ಷಿಯ ಕಡೆ ತಿರುಗುತ್ತಿದ್ದವು. ಅವರೊಬ್ಬರೇ ಕಾರು ಓಡಿಸಿಕೊಂಡು ಓಡಾಡುವುದು, ಭಾನುವಾರ ಫೋನ್ ಎತ್ತದೇ ಇರುವುದು ಎಲ್ಲರಿಗೂ ಗೊತ್ತಿದ್ದದ್ದೇ.

"ಡಾಕ್ಟ್ರೇ..." ಯೋಗೀಶ ಉಸಿರು ಬಿಗಿಹಿಡಿದ. "ನೀವಾ?"

ಕಮಲಾಕ್ಷಿ ಕೆರಳುತ್ತಾರೆ ಅಂತ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅವರು ಮಾತ್ರ ಸೆರಗು ಹೊದ್ದುಕೊಂಡು, ಮರಗಳ ತುದಿ ನೋಡುತ್ತ ಸಣ್ಣಗೆ ನಕ್ಕರು. "ಎಲ್ಲ ಹೇಳಿಕೊಂಡು ತಿರುಗಬೇಕೇನಪ್ಪ?"

ಅಷ್ಟೇ ಸಾಕಾಯಿತು. ಮಡುವಿನವರೆಗೂ ಜನ ಅವರನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋದಂತೆ ನಡೆದರು. ಯಾರೋ ಕೊಡೆ ಹಿಡಿದರು. ಯಾರೋ ಕುರ್ಚಿ ಹಾಕಿದರು. ಮಕ್ಕಳು "ಆಂಟಿ, ಆರ್ ಯು ರಿಯಲಿ ಅ ಫಿಶ್?" ಅಂತ ಸುತ್ತಿಕೊಂಡರು. ಭಾನುಮತಿಗೆ ಮೊದಲು ನಿರಾಳವಾಯಿತು. ಅಬ್ಬ, ತಪ್ಪಿಸಿಕೊಂಡೆ. ಪುಳಿಯೋಗರೆ ಬಡಿಸುವ ಹೊತ್ತಿಗೆ ಸ್ವಲ್ಪ ಕಿರಿಕಿರಿ ಶುರುವಾಯಿತು. ಮೊಸರನ್ನದ ಹೊತ್ತಿಗೆ ಅದು ಹೊಟ್ಟೆಯುರಿಯಾಗಿತ್ತು.

ಯಾಕೆಂದರೆ ಡಾಕ್ಟರು ಆಗಲೇ ಪಾಠ ಶುರುಮಾಡಿದ್ದರು. "ಬಂಡೆ ಮೇಲಿಂದ ಹಾರೋವಾಗ ಮೂಗು ಗಟ್ಟಿಯಾಗಿ ಹಿಡ್ಕೋಬೇಕು. ಹೊಟ್ಟೆ ಮೊದಲು ಹೋಗಬೇಕು. ಕಾಲು ಆಮೇಲೆ ತಾನಾಗೇ ಬರುತ್ತೆ."

ಹೊಟ್ಟೆ ಮೊದಲು! ಭಾನುಮತಿಗೆ ಕೂರಲಾಗಲಿಲ್ಲ. ಆ ಬಂಡೆಯಿಂದ ಹೊಟ್ಟೆ ಮೊದಲು ಹೋದವನನ್ನು ಸೆಲಿನ್ ಮತ್ತು ತಾನು ಸೇರಿ ದಡಕ್ಕೆ ಎಳೆದು ತಂದದ್ದು ನೆನಪಾಯಿತು.

"ಒಂದು ಡೈವ್ ಆಗಲಿ ಡಾಕ್ಟ್ರೇ, ವಿಡಿಯೋ ಮಾಡ್ತೀನಿ" ಅಂದ ಯೋಗೀಶ.

"ಇವತ್ತು ಬೇಡಪ್ಪ, ಊಟ ಆಗಿದೆ. ನಮ್ಮ ಹೆಂಗಸರಲ್ಲಿ ಇದೆಲ್ಲ ಇನ್ನು ಯಾರಿಗೆ ಬರುತ್ತೆ ಹೇಳು. ಎಲ್ಲರಿಗೂ ಮಂಡಿನೋವು." ಅವರ ಕಣ್ಣು ಸುತ್ತಲೂ ಹಾದು ಭಾನುಮತಿಯ ಮೇಲೆ ನಿಂತಿತು. "ಈಗ ನಮ್ಮ ಭಾನುಮತೀನೇ ನೋಡು. ಪಾದ ನೆನೆಸೋಕೂ ಹೆದರಿಕೊಂಡು ಅಲ್ಲಿ ಕೂತಿದ್ದಾಳೆ."

ಭಾನುಮತಿ ಎದ್ದಳು. ಎದ್ದವಳು ತಟ್ಟೆ ಕೆಳಗಿಟ್ಟಳು. ಚೂಡಿದಾರದ ವೇಲನ್ನು ತೆಗೆದು ಡಾಕ್ಟರ ಮಡಿಲಿಗೆ ಹಾಕಿ, "ಸ್ವಲ್ಪ ಹಿಡ್ಕೊಂಡಿರಿ" ಅಂದಳು. ಚಪ್ಪಲಿ ಬಿಟ್ಟು, ಎಲ್ಲಿ ಕಾಲಿಡಬೇಕೆಂದು ಹುಡುಕುವ ಗೋಜಿಲ್ಲದೆ ಬಂಡೆ ಹತ್ತಿದಳು. ಯಾರಾದರೂ "ಏಯ್" ಅನ್ನುವ ಮೊದಲೇ ಕೈ ಮುಂದಕ್ಕೆ ಚಾಚಿ, ತಲೆ ತಗ್ಗಿಸಿ ಧುಮುಕಿದಳು. ನೀರು ಹೆಚ್ಚು ಸದ್ದೂ ಮಾಡಲಿಲ್ಲ.

"ಭಾನೂ!"

ಕೂಗಿದ್ದು ನರಸಿಂಹ. ಎರಡನೇ ಸಲ ಪುಳಿಯೋಗರೆ ಹಾಕಿಸಿಕೊಂಡು ಬರುತ್ತಿದ್ದವನು ತಟ್ಟೆ ಸಮೇತ ಓಡಿದ. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಅವನು ನೋಡಲಿಲ್ಲ. ಬೂಟು, ಕಾಲುಚೀಲ, ಪ್ಯಾಂಟು ಎಲ್ಲದರ ಜೊತೆ ಮಂಡಿಯುದ್ದ ನೀರಿನಲ್ಲಿ ನಿಂತು, "ಯಾರಾದ್ರೂ ಹಿಡೀರಿ, ಯಾರಾದ್ರೂ ಹಿಡೀರಿ" ಅಂತ ಕಿರುಚುತ್ತಿದ್ದ. ಅವಳು ಅವನಿಂದ ಮಾರು ದೂರದಲ್ಲಿ ಮೇಲೆ ಬಂದಳು. ಮುಖದ ಮೇಲಿನ ಕೂದಲು ಸರಿಸಿಕೊಂಡಳು. ಅಭ್ಯಾಸಬಲದಿಂದ ಎರಡು ಸಲ ಕೈ ಬೀಸಿ ಈಜಿ ಬಂದು ಗಂಡನ ಎದುರು ನಿಂತಳು.

ನರಸಿಂಹ ಅವಳನ್ನು ನೋಡಿದ. ಅವಳ ಒದ್ದೆ ಕೂದಲನ್ನು ನೋಡಿದ. ಗಣಿತದ ಮೇಷ್ಟ್ರ ತಲೆ ತಡವಾಗಿಯಾದರೂ ಲೆಕ್ಕ ಹಾಕಿತು.

"ಸ್ಟಾಕ್ ಟೇಕಿಂಗಾ?" ಅಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ದಡದಲ್ಲಿ ಗಿಚುಕಿ ಚಪ್ಪಾಳೆ ತಟ್ಟಿದ, ಮಕ್ಕಳು ಕುಣಿದರು, ಯೋಗೀಶ ಫೋನ್ ತಲೆಕೆಳಗಾಗಿ ಹಿಡಿದಿದ್ದರಿಂದ ವಿಡಿಯೋದಲ್ಲಿ ತನ್ನ ಗಲ್ಲವನ್ನೇ ತೆಗೆದುಕೊಂಡ. ನರಸಿಂಹ ಮಾತ್ರ ನಗಲಿಲ್ಲ. ತಟ್ಟೆಯಿಂದ ಒಂದು ಅಗುಳೂ ಚೆಲ್ಲದೆ ಮೆಲ್ಲಗೆ ದಡ ಹತ್ತಿದ.

ವಾಪಸು ಬರುವಾಗ ಬಸ್ಸಿನಲ್ಲಿ ಥಿಕಾದವರೆಗೂ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ. ಬೂಟಿನಿಂದ ಇನ್ನೂ ನೀರು ಒಸರುತ್ತಿತ್ತು. ಆಮೇಲೆ ಕೇಳಿದ:

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ಆ ಗಡಿಯಾರ?"

"ಅವರಾಗೇ ಕೊಟ್ಟಿದ್ದು ರೀ, ನಾನೇನು ಕೇಳಿದ್ನಾ."

"ಬೈದಿದ್ದೆನಲ್ಲೇ ಆ ಮನುಷ್ಯನ್ನ. ಎಲ್ಲರ ಎದುರಿಗೆ." ಅವನು ಇವಳ ಕಡೆ ತಿರುಗಿದ. "ನನಗೆ ಹೇಳಿದ್ರೆ ಬೇಡ ಅಂತಿದ್ನಾ?"

"ಅಂತಿದ್ರಿ."

ಅವನು ಯೋಚಿಸಿದ. "ಹೌದು. ಅಂತಿದ್ದೆ."

ಆ ಮಾತು ಅವನು ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನೆಂದು ಭಾನುಮತಿ ಅಂದುಕೊಂಡಿರಲಿಲ್ಲ. ಬಂಡೆಯ ಮೇಲೆ ನಿಂತಾಗ ಆಗದ ಅಂಜಿಕೆ ಈಗಾಯಿತು. ಅವನು ಕೂಗಿದ ದನಿ ನೀರಿನ ಅಡಿಗೂ ಕೇಳಿಸಿತ್ತು. ಅವಳು ಅವನ ತಣ್ಣಗಿನ ಕೈಯನ್ನು ಹಿಡಿದುಕೊಂಡಳು. "ಇನ್ಮೇಲೆ ಹೇಳಿಯೇ ಹೋಗ್ತೀನಿ."

"ಹೋಗು. ಆದರೆ ಹೊರಡುವಾಗ ಆ ಗೇಟಿನ ಹತ್ತಿರದ ಹೆಂಗಸು ನಿನಗೆ ಮಾತ್ರ ಬಿಸಿ ಬೋಂಡಾ ತಂದುಕೊಟ್ಟಳಲ್ಲ, ಅದೂ ನಾಲ್ಕು ವರ್ಷದಿಂದಾನಾ?"

"ಹೂಂ."

"ನಾನು ಮನೇಲಿ ಹಳಸಿದ ಹುಳಿ ತಿಂತಿದ್ದೆ" ಅಂದ ನರಸಿಂಹ. ನಿಜವಾದ ನೋವು ಅದೇ ಅಂತ ಅವಳಿಗೆ ಗೊತ್ತಾಯಿತು.

ಬಸ್ಸು ಕಸರಾನಿಗೆ ಬಂದಾಗ ಡಾಕ್ಟರ್ ಕಮಲಾಕ್ಷಿ ವೇಲು ಹಿಂತಿರುಗಿಸುವ ನೆಪದಲ್ಲಿ ಹತ್ತಿರ ಬಂದು ದನಿ ತಗ್ಗಿಸಿದರು. "ಒಂದು ಮಧ್ಯಾಹ್ನ ಮಾಮಾ ಸಮಾಕಿ ಆಗಿದ್ದೆ ಕಣೇ. ತುಂಬ ಚೆನ್ನಾಗಿತ್ತು. ನಿಜವಾಗ್ಲೂ ಆಗೋಕೆ ಎಷ್ಟು ದಿನ ಬೇಕು?"

ಮರುವಾರವೇ ಅವರು ಕಸರಾನಿಯ ಕೊಳಕ್ಕೆ ಬಂದರು. ಅವರು ಹಿಡಿದ ಮೂಗು ಬಿಡಿಸುವುದಕ್ಕೇ ಸೆಲಿನ್ ಒಂದು ತಿಂಗಳು ಹೆಣಗಿದಳು. ಮಗುವನ್ನು ಹೊರಕ್ಕೆ ತೆಗೆಯುವಾಗ ಕೂಗಿಸುತ್ತಿದ್ದ ಡಾಕ್ಟರು ಈಗ ತಾವೇ ಕೂಗುತ್ತ ನೀರಿಗಿಳಿಯುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೇಲಿದರು. ಅಂಗಾತ, ಕಣ್ಣು ಮುಚ್ಚಿ, ಮಹಾರಾಣಿಯಂತೆ.

ನರಸಿಂಹ ಈಜಲಿಲ್ಲ, ಈಜುವ ಮಾತನ್ನೂ ಎತ್ತಲಿಲ್ಲ. ಆದರೆ ತಿಂಗಳ ಕೊನೆಯ ಭಾನುವಾರ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂರುತ್ತಿದ್ದ. ಕಾಡಿನಲ್ಲಿ ಕೊಡೆ ಬಿಚ್ಚಿಕೊಂಡು, ನೀರಿನಿಂದ ಸಾಕಷ್ಟು ದೂರದ ಕಲ್ಲಿನ ಮೇಲೆ ಕುಳಿತು ಮಂದಾಜಿ ತಿನ್ನುತ್ತ, "ಎಡಕ್ಕೆ! ಅಲ್ಲಿ ಆಳ ಇದೆ! ಸಾಕು ವಾಪಸ್ ಬಾ!" ಅಂತ ಹೆಂಡತಿಗೆ ಅಪ್ಪಣೆ ಕೊಡುತ್ತಿದ್ದ. ಚಹಾದ ಹೆಂಗಸಿಗೆ ಹಿಟ್ಟಿಗೆ ಚೂರು ಶುಂಠಿ ಹಾಕಲು ಹೇಳಿಕೊಟ್ಟ. ಅವಳು ಹಾಕಲಿಲ್ಲ. ಅವನು ಹೇಳುವುದನ್ನು ಬಿಡಲಿಲ್ಲ.

ಒಂದೇ ಒಂದು ತೊಂದರೆ ಉಳಿದಿತ್ತು. ಯೋಗೀಶನಿಗೆ ಆ ಜಾಗ ಬಹಳ ಹಿಡಿಸಿಬಿಟ್ಟಿತ್ತು. ಬಳಗದ ಸಭೆಯಲ್ಲಿ ಎದ್ದು ನಿಂತು, ಮುಂದಿನ ವರ್ಷ ಅದೇ ಮಡುವಿನಲ್ಲಿ ರಾಜ್ಯೋತ್ಸವ ಈಜು ಸ್ಪರ್ಧೆ, ಮೂರು ಬಸ್ಸು, ಸ್ಪೀಕರು, ಡಿಜೆ, ಟೀ ಶರ್ಟು ಅಂತ ಶುರುಮಾಡಿದ. ಮೂರು ಬಸ್ಸು, ಡಿಜೆ! ಭಾನುಮತಿ, ಕಮಲಾಕ್ಷಿ ಮುಖ ಮುಖ ನೋಡಿಕೊಂಡರು. ಭಾನುಮತಿ ಎದ್ದು, "ಅಲ್ಲಿ ಈಗ ಒಂದು ನೀರಾನೆ ಸೇರ್ಕೊಂಡಿದೆ ಅಂತ ಕಾವಲುಗಾರ ಹೇಳ್ತಿದ್ದ" ಅಂದಳು. ಆ ಚಳಿಯ ನೀರಿಗೆ ನೀರಾನೆ ಬರುವ ಮಾತೇ ಇಲ್ಲ. ಯೋಗೀಶನಿಗೂ ಅನುಮಾನ ಬಂತು.

"ಹಿಪ್ಪೋನಾ? ಆರ್ ಯು ಶೂರ್, ಆಂಟಿ? ಅಷ್ಟು ಎತ್ತರದಲ್ಲಿ?"

ಸಭೆ ನರಸಿಂಹನ ಕಡೆ ನೋಡಿತು. ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ಅಂತ ಹೆಸರಾದ ಮೇಷ್ಟ್ರು. ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಹಲಗೆಯ ಮುಂದೆ ನಿಂತು ಪ್ರಮೇಯ ವಿವರಿಸುವ ದನಿಯಲ್ಲಿ, "ಒಂದಲ್ಲ, ಎರಡು" ಅಂದ. "ನಾನೇ ಕಣ್ಣಾರೆ ನೋಡಿದೆ. ಮರಿ ಬೇರೆ ಹಾಕಿದೆ."